ಆಟಗಾರನ ಜಮಾಖರ್ಚು



ಕೆಲವು ದಿನಗಳ ಹಿಂದೆ ಮಧ್ಯಾಹ್ನದ ಕೊನೆಯ ತರಗತಿಯನ್ನು ಮುಗಿಸಿಕೊಂಡು ನಾನು ಅಧ್ಯಾಪಕರ ಕೊಠಡಿಗೆ ಬಂದಾಗ, ಬಾಗಿಲ ಬಳಿ ಒಬ್ಬರು ನನಗಾಗಿ ಕಾದು ನಿಂತಿದ್ದರು. ವಯಸ್ಸು ಐವತ್ತರ ಮೇಲೆ. ಒಂದು ಸಹಕಾರ ಸಂಘದಲ್ಲಿ ಗುಮಾಸ್ತರು. ಅವರ ಮಗಳು ನಮ್ಮ ಕಾಲೇಜಿನಲ್ಲಿ ಎರಡನೆಯ ವರ್ಷದ ವಿದ್ಯಾರ್ಥಿನಿ. ಬ್ಯಾಡ್ಮಿಂಟನ್ ಆಟದಲ್ಲಿ ರಾಜ್ಯದ ಮಟ್ಟಿಗೆ ಹೆಸರು ಮಾಡುತ್ತಿರುವ ಹುಡುಗಿ. ಆಟವಾಡುವ ಮಕ್ಕಳ ತಂದೆತಾಯಿಗಳು ನಮ್ಮಲ್ಲಿಗೆ ಬರುವುದು ಸಾಮಾನ್ಯವಾಗಿ ಹಾಜರಿಯ ವಿಚಾರಕ್ಕೆ. ಇವರೂ ಅದಕ್ಕೇ ಬಂದಿರಬೇಕೆಂದು ನಾನು ತಿಳಿದೆ. ಆದರೆ ಅವರು ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಮೇಜಿನ ಮೇಲೆ ಹರಡಿ, "ಮೇಷ್ಟರೇ, ನೀವು ಅರ್ಥಶಾಸ್ತ್ರ ಹೇಳಿಕೊಡುವವರು. ಇದನ್ನು ನೋಡಿ ಒಂದು ಮಾತು ಹೇಳಬೇಕು. ಇದು ಖರ್ಚೋ, ಬಂಡವಾಳವೋ?" ಎಂದು ಕೇಳಿದರು.

ಇಪ್ಪತ್ತು ವರ್ಷಗಳಿಂದ ಬಂಡವಾಳವೆಂದರೇನೆಂಬುದನ್ನು ಪಾಠ ಹೇಳಿಕೊಂಡು ಬಂದಿರುವ ನನಗೆ ಆ ಪ್ರಶ್ನೆಗೆ ಥಟ್ಟನೆ ಉತ್ತರ ಹೊಳೆಯಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಈ ಸಂಜೆಯ ನನ್ನ ಮಾತೆಲ್ಲ ಆ ಪ್ರಶ್ನೆಯ ಸುತ್ತಲಿನದೇ.

ಕಾಗದದಲ್ಲಿ ನಡುವೆ ಒಂದು ಗೆರೆ ಎಳೆದು ಎಡಕ್ಕೆ ಜಮಾ, ಬಲಕ್ಕೆ ಖರ್ಚು ಎಂದು ಬರೆದಿತ್ತು. ಖರ್ಚಿನ ಕಡೆ ಕೆಳಗಿನವರೆಗೂ ತುಂಬಿತ್ತು. ತರಬೇತಿಯ ಶುಲ್ಕ, ಬೂಟು, ರಾಕೆಟ್ಟು, ಅದರ ತಂತಿ, ಪಂದ್ಯಗಳ ಪ್ರವೇಶ ಶುಲ್ಕ, ಹೊರ ಊರಿನ ಪಂದ್ಯಗಳಿಗೆ ಇಬ್ಬರ ರೈಲು ಖರ್ಚು. ಇಬ್ಬರದು ಏಕೆಂದರೆ ಹೆಣ್ಣುಮಗಳನ್ನು ಒಬ್ಬಳನ್ನೇ ಕಳುಹಿಸಲು ತಾಯಿಗೆ ಮನಸ್ಸಿಲ್ಲ. ವಸತಿ, ಊಟ, ಮೊಣಕಾಲಿನ ಚಿಕಿತ್ಸೆ. ಇವೆಲ್ಲಕ್ಕಿಂತ ನನ್ನ ಕಣ್ಣನ್ನು ಸೆಳೆದದ್ದು ಶಟ್ಲ್ ಎಂಬ ಬಾಬ್ತು. ಈ ಆಟವನ್ನು ನೋಡಿದವರಿಗೆ ಗೊತ್ತಿರುವಂತೆ ಅದು ಬೆಂಡಿನ ಬುಡಕ್ಕೆ 16 ಹಕ್ಕಿಯ ಗರಿಗಳನ್ನು ಸಿಕ್ಕಿಸಿ ಮಾಡಿದ ವಸ್ತು. ಬಲವಾದ ಹೊಡೆತಕ್ಕೆ ಒಂದು ಗರಿ ಮುರಿದರೆ ಸಾಕು, ಅದು ನೇರವಾಗಿ ಹಾರುವುದಿಲ್ಲ, ಎಸೆಯಬೇಕು. ಒಂದು ಬೆಳಗಿನ ಅಭ್ಯಾಸಕ್ಕೆ ಇಂಥವು ಎಷ್ಟೋ ಬೇಕು. ಒಳ್ಳೆಯ ಜಾತಿಯ ಒಂದು ಡಜನ್ ಶಟ್ಲ್‌ಗಳ ಡಬ್ಬಿಗೆ ಈಗ ಎರಡೂವರೆ ಮೂರು ಸಾವಿರ ರೂಪಾಯಿ ಕೊಡಬೇಕಾಗಿದೆ. ಒಬ್ಬ ಗುಮಾಸ್ತರ ಮನೆಯಲ್ಲಿ ತಿಂಗಳಿಗೆ ಕೊಳ್ಳುವ ಅಕ್ಕಿಯ ಬೆಲೆಗಿಂತ ಗರಿಗಳ ಬೆಲೆ ಹೆಚ್ಚೆಂಬುದನ್ನು ನಾನು ಅಂದು ಮೊದಲ ಬಾರಿಗೆ ತಿಳಿದೆ.

ಒಟ್ಟು ಮೊತ್ತ ಅವರ ವಾರ್ಷಿಕ ಸಂಬಳದ ಅರ್ಧವನ್ನು ಮೀರಿತ್ತು. ಕಾಗದಕ್ಕೆ ಹತ್ತದ ಖರ್ಚುಗಳು ಬೇರೆ ಇದ್ದವು. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಹಾಲು ಕಾಯಿಸುವ ತಾಯಿಯ ನಿದ್ರೆಗೆ ಯಾರೂ ಬೆಲೆ ಕಟ್ಟಿರಲಿಲ್ಲ. ಹಿರಿಯ ಮಗ ಬಯಸಿದ ವ್ಯಾಸಂಗವನ್ನು ಬಿಟ್ಟು ಕೆಲಸಕ್ಕೆ ಸೇರಿದ್ದನ್ನು ಅವರು ಮಾತಿನ ನಡುವೆ ಹೇಳಿದರೇ ಹೊರತು ಲೆಕ್ಕದಲ್ಲಿ ಕಾಣಿಸಿರಲಿಲ್ಲ. ಜಮಾ ಎಂಬ ಕಡೆ ಒಂದು ಅಕ್ಷರವೂ ಇರಲಿಲ್ಲ. ಈಗ ಮಗಳು ಹೊರದೇಶದ ನಾಲ್ಕೈದು ಪಂದ್ಯಗಳಲ್ಲಿ ಆಡಿದರೆ ಮಾತ್ರ ಆಕೆಯ ಶ್ರೇಯಾಂಕ ಮೇಲೇರುವುದೆಂದು ತರಬೇತುದಾರರು ಹೇಳಿದ್ದಾರೆ. ಅದಕ್ಕಾಗಿ ಭವಿಷ್ಯನಿಧಿಯ ಹಣವನ್ನು ತೆಗೆಯಬೇಕೆ, ಬೇಡವೆ? ಇದು ಅವರ ಇಕ್ಕಟ್ಟು.

ಆಟದ ವಿಷಯದಲ್ಲಿ ಹಣದ ಮಾತನ್ನು ಎತ್ತುವುದೇ ಕೀಳೆಂಬ ಭಾವನೆ ನಮ್ಮಂಥ ಇಂಗ್ಲಿಷ್ ಓದಿದವರಲ್ಲಿ ಬಹುಕಾಲ ಇತ್ತು. ಪೂರ್ತಿ ಹೋಗಿದೆಯೆಂದು ಈಗಲೂ ಹೇಳಲಾರೆ. ಇದು ನಾವು ಕಲಿತ ಪಾಠ. ಇಂಗ್ಲೆಂಡಿನ ಕ್ರಿಕೆಟ್ಟಿನಲ್ಲಿ 1962 ರವರೆಗೂ ಆಟಗಾರರು ಎರಡು ಜಾತಿಯಾಗಿದ್ದರು. ಹಣ ಪಡೆಯದೆ ಆಡುವವರು ಮಹನೀಯರು. ಹಣ ಪಡೆದು ಆಡುವವರು ಬರಿಯ ಆಟಗಾರರು. ಒಂದೇ ತಂಡದಲ್ಲಿದ್ದರೂ ಹಲವು ಮೈದಾನಗಳಲ್ಲಿ ಅವರು ಉಡುಪು ಬದಲಿಸುವ ಕೊಠಡಿಗಳೇ ಬೇರೆ. ಅಚ್ಚಾದ ಪಟ್ಟಿಯಲ್ಲಿ ಹೆಸರಿನ ಮೊದಲಕ್ಷರಗಳನ್ನು ಬರೆಯುವ ಕ್ರಮವೂ ಬೇರೆ. ಒಲಿಂಪಿಕ್ ಕೂಟದಲ್ಲಂತೂ ಮಡಿ ಇನ್ನೂ ಹೆಚ್ಚು. ಅಮೆರಿಕದ ಮೂಲನಿವಾಸಿ ಜನಾಂಗದ ಜಿಮ್ ಥಾರ್ಪ್ ಎಂಬಾತ 1912 ರಲ್ಲಿ ಸ್ಟಾಕ್‌ಹೋಮಿನಲ್ಲಿ ಎರಡು ಚಿನ್ನದ ಪದಕಗಳನ್ನು ಗೆದ್ದ. ಅದಕ್ಕೆ ಮುಂಚೆ ಬೇಸಗೆಯ ರಜೆಯಲ್ಲಿ ಅಲ್ಪ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದನೆಂಬುದು ಹೊರಬಿದ್ದು, 1913 ರಲ್ಲಿ ಎರಡನ್ನೂ ಕಿತ್ತುಕೊಂಡರು. ತಪ್ಪಾಯಿತೆಂದು ಹಿಂದಿರುಗಿಸಿದ್ದು 1982 ರಲ್ಲಿ. ಆತ ತೀರಿಹೋಗಿ ಆಗಲೇ 29 ವರ್ಷಗಳಾಗಿದ್ದವು. ಹಣಕ್ಕಾಗಿ ಆಡಬಾರದೆಂಬ ನಿಯಮವನ್ನು ಮಾಡಿದವರು, ಹಣಕ್ಕಾಗಿ ಯಾವುದನ್ನೂ ಮಾಡಬೇಕಾಗಿಲ್ಲದವರು. ಇಷ್ಟನ್ನು ತಿಳಿದುಕೊಂಡರೆ ಆ ನಿಯಮದ ಮಡಿವಂತಿಕೆ ಅರ್ಥವಾಗುತ್ತದೆ.

ನಮ್ಮ ನಾಡಿನ ಪದ್ಧತಿ ಹೀಗಿರಲಿಲ್ಲ. ಗರಡಿಯಲ್ಲಿ ಮೈ ಹುರಿಗೊಳಿಸುವ ಪೈಲ್ವಾನನಿಗೆ ಹಾಲು, ತುಪ್ಪ, ಬಾದಾಮಿ ಬೇಕು. ಅವು ಆಕಾಶದಿಂದ ಉದುರುವುದಿಲ್ಲವೆಂಬುದನ್ನು ನಮ್ಮ ಹಿರಿಯರು ಸಂಕೋಚವಿಲ್ಲದೆ ಒಪ್ಪಿದ್ದರು. ಮೈಸೂರಿನ ಜಟ್ಟಿಗಳಿಗೆ ಅರಮನೆಯ ಆಶ್ರಯವಿತ್ತು. ದಸರೆಯ ಕುಸ್ತಿಗೆ ಜೋಡಿ ಕಟ್ಟುವುದೆಂದರೆ ಊರಿಗೆ ಊರೇ ಕಾತರಿಸುತ್ತಿತ್ತು. ಕೊಲ್ಹಾಪುರದ ಶಾಹು ಮಹಾರಾಜರು ಕುಸ್ತಿಗೆಂದೇ ಖಾಸಬಾಗ್ ಎಂಬ ದೊಡ್ಡ ಅಖಾಡವನ್ನು ಕಟ್ಟಿಸಿದರು. ಅದು 1912 ರಲ್ಲಿ ಸಿದ್ಧವಾಯಿತು. ನಮ್ಮ ಬೆಳಗಾವಿ, ಧಾರವಾಡದ ಕಡೆಯ ಪೈಲ್ವಾನರಿಗೂ ಅದು ತೀರ್ಥಕ್ಷೇತ್ರವಿದ್ದಂತೆ. ರಾಜಾಶ್ರಯದಲ್ಲಿ ದೋಷಗಳಿರಲಿಲ್ಲವೆಂದಲ್ಲ. ದೊರೆಯ ಮನಸ್ಸು ತಿರುಗಿದರೆ ಪೈಲ್ವಾನನ ಹಾಲೂ ನಿಲ್ಲುತ್ತಿತ್ತು. ಆದರೂ ಅದರಲ್ಲಿ ಒಂದು ವಿವೇಕವಿತ್ತು: ಗೆದ್ದ ಮೇಲೆ ಕಡಗ ತೊಡಿಸುವುದಕ್ಕೆ ಮುಂಚೆ, ಗೆಲ್ಲುವ ಮೈಯನ್ನು ಬೆಳೆಸುವುದಕ್ಕೆ ಅನ್ನ ಹಾಕುತ್ತಿದ್ದರು.

ಆ ಆಶ್ರಯ ಇದ್ದಾಗ ಏನು, ಹೋದ ಮೇಲೆ ಏನು ಎಂಬುದನ್ನು ಒಬ್ಬನೇ ಮನುಷ್ಯನ ಬಾಳಿನಲ್ಲಿ ನೋಡಬಹುದು. ಸಾತಾರಾ ಜಿಲ್ಲೆಯ ಗೋಳೇಶ್ವರದ ಖಾಶಾಬಾ ಜಾಧವರು ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ಓದಿದವರು. ಕುಳ್ಳು ಮೈ, ಮಿಂಚಿನ ಚಲನೆ. 1948 ರಲ್ಲಿ ಲಂಡನ್ನಿನ ಒಲಿಂಪಿಕ್ ಕೂಟಕ್ಕೆ ಅವರು ಹೊರಟಾಗ ವೆಚ್ಚವನ್ನು ಕೊಟ್ಟವರು ಕೊಲ್ಹಾಪುರದ ಮಹಾರಾಜರು. ಮಣ್ಣಿನ ಮೇಲೆ ಬೆಳೆದ ಜಾಧವರಿಗೆ ಅಲ್ಲಿನ ಮೆತ್ತೆಯ ಮೇಲಿನ ಕುಸ್ತಿ ಹೊಸತು. ಆದರೂ ತಮ್ಮ ತೂಕದವರಲ್ಲಿ ಆರನೆಯವರಾಗಿ ಬಂದರು. ನಾಲ್ಕು ವರ್ಷ ಕಳೆದರೆ ಮುಂದಿನ ಕೂಟ. ಅಷ್ಟರಲ್ಲಿ, 1949 ರ ಮಾರ್ಚಿಯಲ್ಲಿ, ಕೊಲ್ಹಾಪುರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ದೊರೆಯ ಬೊಕ್ಕಸ ಹೋಯಿತು. ಅದರ ಸ್ಥಾನದಲ್ಲಿ ಬರಬೇಕಾದ್ದು ಇನ್ನೂ ಬಂದಿರಲಿಲ್ಲ.

1952 ರ ಹೆಲ್ಸಿಂಕಿ ಕೂಟಕ್ಕೆ ಜಾಧವರು ಆಯ್ಕೆಯಾದರು, ಹೋಗುವುದಕ್ಕೆ ಹಣವಿಲ್ಲ. ಸರ್ಕಾರವನ್ನು ಕೇಳಿದ್ದಕ್ಕೆ, ಪಂದ್ಯಗಳು ಮುಗಿದ ಮೇಲೆ ಬರುವಂತೆ ಉತ್ತರ ಬಂದಿತೆಂದು ಹೇಳುವುದುಂಟು. ಊರಿನವರು ಕೈಲಾದಷ್ಟು ಚಂದಾ ಎತ್ತಿದರು. ಸಾಲದೆ ಬಂದದ್ದನ್ನು ತುಂಬಿದವರು ಅವರ ಕಾಲೇಜಿನ ಪ್ರಿನ್ಸಿಪಾಲರಾದ ಖರ್ಡೇಕರರು. ಅವರು ತಮ್ಮ ಮನೆಯನ್ನು ಅಡವಿಟ್ಟು 7,000 ರೂಪಾಯಿಗಳನ್ನು ಶಿಷ್ಯನ ಕೈಯಲ್ಲಿಟ್ಟರು. ಅಧ್ಯಾಪಕ ವೃತ್ತಿಯವನಾದ ನನಗೆ ಈ ಸಂಗತಿಯನ್ನು ನೆನೆದಾಗಲೆಲ್ಲ ಹೆಮ್ಮೆಯಾಗುವುದಕ್ಕಿಂತ ಹೆಚ್ಚಾಗಿ ಹೆದರಿಕೆಯಾಗುತ್ತದೆ. ನನ್ನ ವಿದ್ಯಾರ್ಥಿಯೊಬ್ಬ ನಾಳೆ ಬಂದು ನಿಂತರೆ ನಾನು ಮನೆಯ ಪತ್ರವನ್ನು ತೆಗೆದುಕೊಂಡು ಹೊರಡುವೆನೆ? ಖಂಡಿತವಾಗಿ ಹೌದೆನ್ನುವ ಧೈರ್ಯ ನನಗಿಲ್ಲ.

ಜುಲೈ 23 ರಂದು ಜಾಧವರು ಕಂಚಿನ ಪದಕವನ್ನು ಗೆದ್ದರು. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಟಗಾರನಾಗಿ ಒಲಿಂಪಿಕ್ ಪದಕವನ್ನು ತಂದವರಲ್ಲಿ ಅವರೇ ಮೊದಲಿಗರು. ಎರಡನೆಯ ಪದಕಕ್ಕೆ ದೇಶ 1996 ರವರೆಗೆ, 44 ವರ್ಷ, ಕಾಯಬೇಕಾಯಿತು. ಹಿಂದಿರುಗಿದಾಗ ನೂರಕ್ಕೂ ಮೇಲ್ಪಟ್ಟ ಎತ್ತಿನ ಗಾಡಿಗಳ ಮೆರವಣಿಗೆ ನಡೆಯಿತಂತೆ. ಮೆರವಣಿಗೆ ಮುಗಿದ ಮೇಲೆ ಜಾಧವರು ಮಾಡಿದ ಮೊದಲನೆಯ ಕೆಲಸವೆಂದರೆ ಕುಸ್ತಿಗಳನ್ನು ಏರ್ಪಡಿಸಿ, ತಾವೇ ಅಖಾಡಕ್ಕಿಳಿದು, ಬಂದ ಹಣದಿಂದ ಗುರುಗಳ ಮನೆಯನ್ನು ಅಡವಿನಿಂದ ಬಿಡಿಸಿದ್ದು. ಅಂದರೆ ಒಲಿಂಪಿಕ್ ಪದಕ ಅವರಿಗೆ ತಂದುಕೊಟ್ಟ ಆದಾಯ ಸಾಲ ತೀರಿಸುವುದಕ್ಕೆ ಸರಿಹೋಯಿತು. 1955 ರಲ್ಲಿ ಅವರು ಪೊಲೀಸು ಇಲಾಖೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿ ಸೇರಿದರು. ಬಡ್ತಿಗೆ ಬಹುಕಾಲ ಕಾದರು. ನಿವೃತ್ತರಾದ ಮೇಲೆ ಪಿಂಚಣಿಗೆ ಅಲೆದಾಡಿದರು. 1984 ರಲ್ಲಿ ರಸ್ತೆಯ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ಆಮೇಲೆ, ಅವರ ಹೆಸರಿಗೆ.

ಇದೇ ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ. ಆಟಗಾರನ ಬಾಳಿನಲ್ಲಿ ಹಣವೇ ಇಲ್ಲವೆಂಬುದು ಈಗ ಪೂರ್ತಿ ನಿಜವಲ್ಲ. ಅದು ಬರುವ ಕ್ರಮ ತಲೆಕೆಳಗಾಗಿದೆ. ಬೇಕಾದಾಗ ಬರುವುದಿಲ್ಲ, ಬಂದಾಗ ಅದರ ಮುಖ್ಯ ಉಪಯೋಗ ಮುಗಿದಿರುತ್ತದೆ. ಊಟಕ್ಕಿಲ್ಲದ ಉಪ್ಪಿನಕಾಯಿ ಎನ್ನುತ್ತೇವಷ್ಟೆ. ಇಲ್ಲಿ ಎಲೆ ತೆಗೆದ ಮೇಲೆ ಊಟವನ್ನೇ ತಂದು ಬಡಿಸುತ್ತಾರೆ.

ಸಂಸ್ಥಾನಗಳು ಹೋದ ಮೇಲೆ ನಮ್ಮ ಆಟಗಾರರನ್ನು ಸಾಕಿದ ಪುಣ್ಯ ರೈಲ್ವೆ, ಸೈನ್ಯ, ಪೊಲೀಸು, ಬ್ಯಾಂಕುಗಳದು. ಇದನ್ನು ಹಗುರವಾಗಿ ನೋಡಬಾರದು. ಗುಂಡಪ್ಪ ವಿಶ್ವನಾಥರು ಸ್ಟೇಟ್ ಬ್ಯಾಂಕಿನ ನೌಕರರಾಗಿದ್ದರು. ಪ್ರಕಾಶ್ ಪಡುಕೋಣೆಯವರು ಯೂನಿಯನ್ ಬ್ಯಾಂಕಿನಲ್ಲಿದ್ದರು. ಅವರು ಆಟ ಕಲಿತದ್ದು ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ. ಅದು ಮದುವೆಗಳಿಗೆ ಬಾಡಿಗೆಗೆ ಕೊಡುವ ಜಾಗ. ಲಗ್ನದ ದಿನಗಳಲ್ಲಿ ಅಭ್ಯಾಸವಿಲ್ಲ! ಮುಹೂರ್ತಗಳ ನಡುವೆ ಬಿಡುವು ನೋಡಿಕೊಂಡು ಆಡಿದ ಹುಡುಗ 1980 ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಗೆದ್ದ. ಗೆದ್ದ ಮೇಲೆ, ತನಗೆ ಸಮನಾದವರೊಡನೆ ದಿನವೂ ಆಡಬೇಕಾದರೆ ಡೆನ್ಮಾರ್ಕಿಗೆ ಹೋಗಿ ನೆಲಸಬೇಕಾಯಿತು. ಆದರೆ ಗೆಲ್ಲುವುದಕ್ಕೆ ಮುಂಚಿನ ವರ್ಷಗಳಲ್ಲಿ ತಿಂಗಳ ಮೊದಲನೆಯ ತಾರೀಖು ಸಂಬಳ ಬರುವ ಭರವಸೆ ಎಂಥ ಬಲವೆಂಬುದನ್ನು ಸಂಬಳಗಾರರಾದ ನಾವು ಬಲ್ಲೆವು.

ಈ ಆಶ್ರಯ ಈಗಲೂ ಬತ್ತಿಲ್ಲ, ಕಿರಿದಾಗಿದೆ. ಬೆಂಗಳೂರಿನಲ್ಲಿ ವಿಜಯಾ ಬ್ಯಾಂಕಿನ ಬ್ಯಾಸ್ಕೆಟ್‌ಬಾಲ್ ತಂಡವೆಂದರೆ ಒಂದು ಕಾಲಕ್ಕೆ ದೊಡ್ಡ ಹೆಸರು. ಮೈಸೂರು ಬ್ಯಾಂಕು 2017 ರಲ್ಲಿ, ವಿಜಯಾ ಬ್ಯಾಂಕು 2019 ರಲ್ಲಿ, ಸಿಂಡಿಕೇಟ್ ಬ್ಯಾಂಕು 2020 ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಬ್ಯಾಂಕುಗಳು ಕೂಡಿದಾಗ ಠೇವಣಿಗಳೇನೋ ಕೂಡಿ ಹೆಚ್ಚಾಗುತ್ತವೆ, ಆದರೆ ಎರಡು ತಂಡಗಳು ಕೂಡಿದರೆ ಒಂದೇ ತಂಡ. ಈ ಗಣಿತ ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಬರುವುದಿಲ್ಲ.

ಕೊಲ್ಹಾಪುರದ ಕಥೆಗೆ ಒಂದು ಉತ್ತರಭಾಗವಿದೆ. ಅದೇ ಜಿಲ್ಲೆಯ ಕಾಂಬಳವಾಡಿಯ ಸ್ವಪ್ನಿಲ್ ಕುಸಾಳೆ 2024 ರಲ್ಲಿ ಪ್ಯಾರಿಸಿನಲ್ಲಿ ಬಂದೂಕು ಸ್ಪರ್ಧೆಯಲ್ಲಿ ಕಂಚು ಗೆದ್ದರು. ಜಾಧವರಾದ 72 ವರ್ಷಗಳ ಮೇಲೆ ಮಹಾರಾಷ್ಟ್ರದವರಿಗೆ ಬಂದ ವೈಯಕ್ತಿಕ ಪದಕ ಅದು. ತಂದೆ ಉಪಾಧ್ಯಾಯರು, ಸ್ವಪ್ನಿಲರು 2015 ರಿಂದ ರೈಲ್ವೆಯ ಟಿಕೆಟ್ ವಿಭಾಗದ ನೌಕರರು. ಪದಕ ಬಂದ ಕೂಡಲೆ ಬಡ್ತಿ ಬಂತು. ರಾಜ್ಯ ಸರ್ಕಾರ 1 ಕೋಟಿ ರೂಪಾಯಿಗಳನ್ನು ಪ್ರಕಟಿಸಿತು. ಇದೇ ಕಂಚಿಗೆ ಹರಿಯಾಣದಲ್ಲಿ ಎರಡೂವರೆ ಕೋಟಿ ಕೊಡುತ್ತಾರೆಂದು ಆಮೇಲೆ ಚರ್ಚೆ ನಡೆಯಿತು. ಆ ಚರ್ಚೆ ನನಗೆ ವಿಚಿತ್ರವಾಗಿ ಕಂಡಿತು. ಪದಕದ ಬೆಲೆ ಒಂದೋ ಎರಡೂವರೆಯೋ ಎಂದು ವಾದಿಸುವವರಲ್ಲಿ, ಬಂದೂಕು ಹಿಡಿದ ಮೊದಲನೆಯ ವರ್ಷ ಆ ಉಪಾಧ್ಯಾಯರಿಗೆ ಯಾರೇನು ಕೊಟ್ಟರೆಂದು ಕೇಳಿದವರು ಕಡಿಮೆ.

ಕೇಂದ್ರ ಸರ್ಕಾರ ಏನೂ ಮಾಡಿಲ್ಲವೆಂದರೆ ಅನ್ಯಾಯವಾಗುತ್ತದೆ. ಒಲಿಂಪಿಕ್ ಪದಕದ ನಿರೀಕ್ಷೆಯಿರುವವರಿಗಾಗಿ 2014 ರಲ್ಲಿ ಆರಂಭಿಸಿದ ಯೋಜನೆಯಲ್ಲಿ, ಆಯ್ಕೆಯಾದ ಆಟಗಾರನಿಗೆ ತರಬೇತಿ, ಪ್ರಯಾಣಗಳ ವೆಚ್ಚವಲ್ಲದೆ ತಿಂಗಳಿಗೆ 50,000 ರೂಪಾಯಿ ಕೈಖರ್ಚನ್ನು ಗೊತ್ತುಮಾಡಿದರು. ಅದಕ್ಕಿಂತ ಕೆಳಗಿನ ಮಕ್ಕಳಿಗೆ ಖೇಲೋ ಇಂಡಿಯಾ ಎಂಬ ಯೋಜನೆಯಲ್ಲಿ ತಿಂಗಳಿಗೆ 10,000. ಪ್ಯಾರಿಸ್ ಕೂಟದ ಹೊತ್ತಿಗೆ ಕೇಂದ್ರದ ಬಹುಮಾನ ಚಿನ್ನಕ್ಕೆ 75 ಲಕ್ಷ, ಬೆಳ್ಳಿಗೆ 50 ಲಕ್ಷ, ಕಂಚಿಗೆ 30 ಲಕ್ಷ. ಒಲಿಂಪಿಕ್ ಪದಕ ಗೆದ್ದವರಿಗೆ ಪಿಂಚಣಿಯೂ ಉಂಟು. ಜಾಧವರ ಕಾಲಕ್ಕೆ ಹೋಲಿಸಿದರೆ ಇದು ಸಣ್ಣ ಮಾತಲ್ಲ. ಆದರೆ ಏಣಿಯ ಮೇಲಿನ ಮೆಟ್ಟಿಲುಗಳು ಗಟ್ಟಿ. ನೆಲದಿಂದ ಮೊದಲನೆಯ ಮೆಟ್ಟಿಲಿಗೆ ಕಾಲೆತ್ತಿ ಇಡುವ ಕಡೆ ಮಗುವನ್ನು ಹೆಗಲ ಮೇಲೆ ಹೊತ್ತು ನಿಂತವನು ತಂದೆಯೇ.

ಹಾಗಾದರೆ ಪಂದ್ಯಗಳಲ್ಲಿ ಗೆದ್ದ ಹಣದಿಂದಲೇ ಬದುಕಬಹುದಲ್ಲ ಎನ್ನುವಿರಿ. ಬ್ಯಾಡ್ಮಿಂಟನ್ನಿನ ಹಲವು ಅಂತರರಾಷ್ಟ್ರೀಯ ಪಂದ್ಯಾವಳಿಗಳಲ್ಲಿ ಬಹುಮಾನ ಹಂಚುವ ರೀತಿಯನ್ನು ನೋಡೋಣ. ಒಟ್ಟು ಬಹುಮಾನ 100 ರೂಪಾಯಿಯೆಂದು ಇಟ್ಟುಕೊಂಡರೆ, ಒಬ್ಬೊಬ್ಬರೇ ಆಡುವ ಆಟದಲ್ಲಿ ಗೆದ್ದವರಿಗೆ 7 ರೂಪಾಯಿ 50 ಪೈಸೆ. ಕೊನೆಯ ಪಂದ್ಯದಲ್ಲಿ ಸೋತವರಿಗೆ 3 ರೂಪಾಯಿ 80 ಪೈಸೆ. ಕೊನೆಯ ನಾಲ್ವರಲ್ಲಿ ನಿಂತವರಿಗೆ 1 ರೂಪಾಯಿ 45 ಪೈಸೆ. ಕೊನೆಯ ಎಂಟರಲ್ಲಿ ನಿಂತವರಿಗೆ 60 ಪೈಸೆ. ಎಂಟನೆಯವನಿಗೂ ಮೊದಲನೆಯವನಿಗೂ ಆಟದಲ್ಲಿರುವ ಅಂತರ ಒಂದು ಕೂದಲೆಳೆ. ಹಣದಲ್ಲಿ ಹನ್ನೆರಡರಷ್ಟಕ್ಕಿಂತ ಹೆಚ್ಚು. ವಿಮಾನದ ಟಿಕೆಟ್ಟು ಮಾತ್ರ ಇಬ್ಬರಿಗೂ ಒಂದೇ ಬೆಲೆ.

ಟೆನಿಸ್ಸಿನಲ್ಲಿ ಇದು ಇನ್ನೂ ಸ್ಪಷ್ಟ. ಅದರ ಅತ್ಯಂತ ಕೆಳಗಿನ ವೃತ್ತಿಪರ ಪಂದ್ಯಾವಳಿಯಲ್ಲಿ ಪುರುಷರಿಗೆ ಒಟ್ಟು ಬಹುಮಾನ 15,000 ಡಾಲರು. ಒಂದು ವಾರ ಹೋರಾಡಿ ಸಿಂಗಲ್ಸ್ ಗೆದ್ದವನಿಗೆ ಅದರಲ್ಲಿ ಬರುವುದು ಎರಡು ಸಾವಿರ ಡಾಲರುಗಳ ಸುಮಾರು. ಮೊದಲನೆಯ ಸುತ್ತಿನಲ್ಲಿ ಸೋತವನಿಗೆ ಬರುವುದು ಹೋಟೆಲಿನ ಬಾಡಿಗೆಗೂ ಸಾಲದು. 2023 ರ ಸೆಪ್ಟೆಂಬರಿನಲ್ಲಿ ನಮ್ಮ ದೇಶದ ಮೊದಲನೆಯ ಸ್ಥಾನದ ಆಟಗಾರ ಸುಮಿತ್ ನಾಗಲ್, ತಮ್ಮ ಬ್ಯಾಂಕಿನ ಖಾತೆಯಲ್ಲಿ 900 ಯೂರೋ ಉಳಿದಿದೆಯೆಂದು ಪತ್ರಿಕೆಯವರಿಗೆ ಹೇಳಿದರು. ಎಂದರೆ ಸುಮಾರು 80,000 ರೂಪಾಯಿ. ವರ್ಷದ ವೆಚ್ಚ 80 ಲಕ್ಷದಿಂದ 1 ಕೋಟಿ. ಗೆದ್ದದ್ದೆಲ್ಲ ಪ್ರಯಾಣಕ್ಕೂ ತರಬೇತುದಾರರಿಗೂ ಸರಿಹೋಗುತ್ತಿತ್ತು. ನಾಲ್ಕು ತಿಂಗಳ ಮೇಲೆ, 2024 ರ ಜನವರಿಯಲ್ಲಿ, ಅದೇ ನಾಗಲ್ ಆಸ್ಟ್ರೇಲಿಯದ ಪಂದ್ಯಾವಳಿಯ ಮೊದಲನೆಯ ಸುತ್ತಿನಲ್ಲಿ ಹೆಸರಾಂತ ಆಟಗಾರನೊಬ್ಬನನ್ನು ಸೋಲಿಸಿದರು. ಎರಡನೆಯ ಸುತ್ತಿನಲ್ಲಿ ಸೋತರೂ 1,80,000 ಆಸ್ಟ್ರೇಲಿಯನ್ ಡಾಲರುಗಳು ಬಂದವು, ಎಂದರೆ ಕೋಟಿಗೆ ಸ್ವಲ್ಪವೇ ಕಡಿಮೆ. ಪತ್ರಿಕೆಗಳೆಲ್ಲ ಈ ಭಾಗ್ಯೋದಯವನ್ನು ಕೊಂಡಾಡಿದವು. ಲೆಕ್ಕಿಗನ ಕಣ್ಣಿಗೆ ಅದು ಭಾಗ್ಯವಲ್ಲ, ಒಂದು ವರ್ಷದ ಖರ್ಚು. ಮೊದಲನೆಯ ದಿನ ಅವರ ಕಾಲು ಉಳುಕಿದ್ದರೆ? ಜಗತ್ತಿನ ಪುರುಷರ ಟೆನಿಸ್ ಸಂಸ್ಥೆಯೇ ಈ ಅವಸ್ಥೆಯನ್ನು ಕಂಡು, ಮೊದಲ 250 ಸ್ಥಾನಗಳವರಿಗೆ ವರ್ಷಕ್ಕೆ ಇಂತಿಷ್ಟೆಂದು ಕನಿಷ್ಠ ಆದಾಯದ ಭರವಸೆ ಕೊಡುವ ಏರ್ಪಾಟನ್ನು 2024 ರಲ್ಲಿ ಜಾರಿಗೆ ತಂದಿತು. 251 ನೆಯವನ ಮಾತನ್ನು ಅದೂ ಆಡಲಿಲ್ಲ.

ಕ್ರಿಕೆಟ್ಟಿನ ಮಾತು ಬೇರೆಯಲ್ಲವೆ ಎಂದು ಕೇಳುವಿರಿ. ಬೇರೆ ಹೌದು. 1983 ರಲ್ಲಿ ವಿಶ್ವಕಪ್ ಗೆದ್ದು ಬಂದವರಿಗೆ ಬಹುಮಾನ ಕೊಡಲು ಮಂಡಳಿಯಲ್ಲಿ ಹಣವಿಲ್ಲದೆ ಲತಾ ಮಂಗೇಶ್ಕರರು ದೆಹಲಿಯಲ್ಲಿ ಹಾಡಿ, ಅದರ ಉತ್ಪತ್ತಿಯಿಂದ ಆಟಗಾರರಿಗೆ ತಲಾ ಒಂದು ಲಕ್ಷ ಕೊಟ್ಟರೆಂದರೆ ಈಗಿನ ಹುಡುಗರು ನಗುತ್ತಾರೆ. 2021 ರಲ್ಲಿ ಗೊತ್ತುಮಾಡಿದ ದರದಂತೆ ರಣಜಿ ಪಂದ್ಯದಲ್ಲಿ ಆಡುವ ಹೊಸಬನಿಗೆ ದಿನಕ್ಕೆ 40,000 ರೂಪಾಯಿ. ನಾಲ್ಕು ದಿನದ ಏಳು ಪಂದ್ಯಗಳನ್ನು ಆಡಿದರೆ 11 ಲಕ್ಷ 20 ಸಾವಿರ. ಅಧ್ಯಾಪಕನಾದ ನಾನು ಇದನ್ನು ಕುರಿತು ದೂರುವ ಸ್ಥಿತಿಯಲ್ಲಿಲ್ಲ. ಆದರೆ ಆರು ಕೋಟಿ ಮೀರಿದ ನಮ್ಮ ನಾಡಿನಿಂದ ಮೈದಾನಕ್ಕಿಳಿಯುವವರು ಹನ್ನೊಂದು ಜನ. ಹನ್ನೆರಡನೆಯವನಿಂದಲೇ ಲೆಕ್ಕ ಬೇರೆಯಾಗುತ್ತದೆ.

ನಮ್ಮ ಶಾಸ್ತ್ರದ ಪಿತಾಮಹನಾದ ಆಡಂ ಸ್ಮಿತ್ 1776 ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವೃತ್ತಿಗಳನ್ನು ವಿಚಾರ ಮಾಡುತ್ತ, ಮಗನನ್ನು ಚಮ್ಮಾರನ ಬಳಿ ಬಿಟ್ಟರೆ ಅವನು ಜೋಡು ಹೊಲಿಯುವುದನ್ನು ಕಲಿಯುವುದು ಬಹುಮಟ್ಟಿಗೆ ನಿಶ್ಚಯ, ವಕೀಲಿಗೆ ಬಿಟ್ಟರೆ ಇಪ್ಪತ್ತರಲ್ಲಿ ಒಬ್ಬನಿಗೆ ಅದರಿಂದ ಹೊಟ್ಟೆ ತುಂಬೀತು ಎಂಬ ಅರ್ಥದ ಮಾತನ್ನು ಹೇಳಿದ್ದಾನೆ. ಅಂಥ ವೃತ್ತಿ ಒಂದು ಲಾಟರಿ. ನ್ಯಾಯವಾದ ಲಾಟರಿಯಲ್ಲಾದರೆ ಸೋತವರೆಲ್ಲ ಕಳೆದುಕೊಂಡದ್ದು ಗೆದ್ದವನಿಗೆ ಸೇರಬೇಕು, ವೃತ್ತಿಗಳಲ್ಲಿ ಅಷ್ಟೂ ಸೇರುವುದಿಲ್ಲ ಎಂಬುದು ಆತನ ವಾದ. ಈಗ ಬದುಕಿದ್ದರೆ ವಕೀಲರನ್ನು ಬಿಟ್ಟು ಆಟಗಾರರನ್ನೇ ಉದಾಹರಿಸುತ್ತಿದ್ದನೆಂದು ನನಗೆ ತೋರುತ್ತದೆ. ನನ್ನ ತರಗತಿಯ ಐವತ್ತು ಜನರಲ್ಲಿ ಮೂವತ್ತನೆಯವನಿಗೂ ಎಲ್ಲೋ ಒಂದು ಕಡೆ ಒಂದು ಮೇಜು, ಒಂದು ಕುರ್ಚಿ ಸಿಕ್ಕುತ್ತದೆ. ದೇಶದ ಮೂವತ್ತನೆಯ ಬ್ಯಾಡ್ಮಿಂಟನ್ ಆಟಗಾರ್ತಿ ಎಷ್ಟು ದೊಡ್ಡ ಪ್ರವೀಣೆಯೆಂಬುದನ್ನು ಯೋಚಿಸಿ. ಆಕೆ ತಂದೆಯ ಹಣದಿಂದ ಆಡುತ್ತಾಳೆ. ಅದೂ ಮೂವತ್ತು ವಯಸ್ಸಿನವರೆಗೆ. ಆಮೇಲೆ ನಾವು ವೃತ್ತಿಯಲ್ಲಿ ಕುದುರಿಕೊಳ್ಳುವ ಹೊತ್ತಿಗೆ ಆಕೆ ನಿವೃತ್ತಳು.

2001 ರಲ್ಲಿ ಆಲ್ ಇಂಗ್ಲೆಂಡ್ ಗೆದ್ದು, ಆಮೇಲೆ ಒಲಿಂಪಿಕ್ ಪದಕ ಗೆದ್ದ ಶಿಷ್ಯೆಯರನ್ನು ತಯಾರು ಮಾಡಿದ ಪುಲ್ಲೇಲ ಗೋಪಿಚಂದರು, ಹಣವಂತರಲ್ಲದವರು ಮಕ್ಕಳನ್ನು ಕ್ರೀಡೆಗೆ ಬಿಡಬಾರದೆಂಬ ಅರ್ಥದ ಮಾತನ್ನು 2025 ರಲ್ಲಿ ಹೇಳಿದರು. ಹಲವರು ಕೋಪಿಸಿಕೊಂಡರು. ನನಗೆ ಕೋಪ ಬರಲಿಲ್ಲ, ಬೇಸರವಾಯಿತು. ಒಳಗಿನದನ್ನೆಲ್ಲ ಬಲ್ಲವರ ಮಾತು ಅದು, ನಿಜವೂ ಹೌದು. ಆದರೆ ಗೋಳೇಶ್ವರದವರೂ ಕಾಂಬಳವಾಡಿಯವರೂ ಅದನ್ನು ಪಾಲಿಸಿದ್ದರೆ ಆ ಎರಡು ಕಂಚುಗಳು ಇರುತ್ತಿರಲಿಲ್ಲ. ಆಟ ಮತ್ತೆ ಮಹನೀಯರ ಸೊತ್ತಾಗುತ್ತದೆ. ಈ ಬಾರಿ ಯಾರೂ ನಿಯಮ ಮಾಡದೆಯೇ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಹತ್ತು ಹನ್ನೆರಡು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ದೂರದ ಓಟದ ಹುಡುಗನೊಬ್ಬನಿದ್ದ. ಹಾಜರಿ ಸಾಲದೆ ಅವನ ಪರೀಕ್ಷೆ ನಿಂತಿತು. ನಿಯಮದಲ್ಲಿ ಆಟಗಾರರಿಗೆ ರಿಯಾಯಿತಿ ಇತ್ತು. ಅರ್ಜಿಗೆ ನಾನು ಶಿಫಾರಸು ಬರೆಯಬೇಕಾಗಿತ್ತು. ಓದುವುದನ್ನು ಬಿಟ್ಟು ಓಡುವವನಿಗೆ ಪಾಠವಾಗಲೆಂದು ನಾನು ಬರೆಯಲಿಲ್ಲ. ಅವನು ಕಾಲೇಜನ್ನು ಬಿಟ್ಟ. ಪದವಿಯಿಲ್ಲದ್ದರಿಂದ, ಓಟದ ಬಲದಿಂದ ಸಿಕ್ಕಬಹುದಾಗಿದ್ದ ಒಂದು ಕೆಲಸವೂ ಅವನಿಗೆ ತಪ್ಪಿತೆಂದು ಆಮೇಲೆ ಕೇಳಿದೆ. ಈಚೆಗೆ ಒಂದು ರಾತ್ರಿ ನಮ್ಮ ಬೀದಿಯ ಮನೆಯೊಂದಕ್ಕೆ ಊಟದ ಪೊಟ್ಟಣ ತಂದವನು ಹೆಲ್ಮೆಟ್ ತೆಗೆದು ನಮಸ್ಕಾರ ಮಾಡಿದ. ಅವನೇ. ಚೆನ್ನಾಗಿದ್ದೀಯೇನಪ್ಪಾ ಎಂದರೆ, "ಇದ್ದೀನಿ ಸಾರ್, ಹೊತ್ತಾಯಿತು, ಇನ್ನೂ ಎರಡು ಮನೆ ಇದೆ" ಎಂದು ಗಾಡಿ ಹತ್ತಿದ. ಅವನ ಮಾತಿನಲ್ಲಿ ಆಕ್ಷೇಪಣೆ ಏನೂ ಇರಲಿಲ್ಲ.

ಆದಕಾರಣ ಗುಮಾಸ್ತರಿಗೆ ನಾನು ಹೇಳಿದ ಮೊದಲನೆಯ ಮಾತು ಹಾಜರಿಯದು. ಅವರು ಕೇಳದೆ ಇದ್ದದ್ದು. ಅರ್ಜಿ ಬರೆಯಿಸಿ, ಶಿಫಾರಸು ನಾನು ಬರೆಯುತ್ತೇನೆ, ಪದವಿ ಕೈಬಿಡಬಾರದು ಎಂದೆ. ಭವಿಷ್ಯನಿಧಿಯ ವಿಷಯದಲ್ಲಿ, ಅಷ್ಟನ್ನೂ ಈಗಲೇ ತೆಗೆಯಬೇಡಿರೆಂದೂ, ಎರಡು ವರ್ಷವೆಂದು ಗಡುವಿಟ್ಟುಕೊಂಡು ವರ್ಷಕ್ಕೆ ಇಷ್ಟೆಂದು ಗೊತ್ತುಮಾಡಿಕೊಳ್ಳಿರೆಂದೂ, ಹೊರದೇಶಕ್ಕಿಂತ ಮೊದಲು ಇಲ್ಲಿಯೇ ನಡೆಯುವ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಆಡಿಸಿರೆಂದೂ ಹೇಳಿದೆ. ಖರ್ಚೋ ಬಂಡವಾಳವೋ ಎಂಬುದಕ್ಕೆ ನೇರವಾಗಿ ಉತ್ತರ ಕೊಡಲಿಲ್ಲ. ಮರಳಿ ಬರುವ ನಂಬಿಕೆಯಿಂದ ಹಾಕುವುದು ಬಂಡವಾಳ. ಇವರು ಹಾಕಿರುವುದು ಬಾರದೆ ಹೋದರೂ ಹಾಕುವೆನೆಂಬ ಮನಸ್ಸಿನಿಂದ. ಅದಕ್ಕೆ ನಮ್ಮ ಶಾಸ್ತ್ರದಲ್ಲಿ ಹೆಸರಿಲ್ಲ. ಒಂದನ್ನು ಮಾತ್ರ ಕೇಳಿದೆ: "ಈ ಕಾಗದವನ್ನು ಮಗಳು ನೋಡಿದ್ದಾಳೆಯೆ?" ಅವರು ಇಲ್ಲವೆಂದು ತಲೆಯಾಡಿಸಿದರು. ಅವಳ ಆಟ ಕೆಟ್ಟೀತೆಂಬ ಭಯ.

ಮುಂದಿನ ಸೋಮವಾರ ಮಗಳನ್ನು ಕರೆದುಕೊಂಡೇ ಬಂದರು. ಹುಡುಗಿ ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಎರಡು ಸಾರಿ ಓದಿದಳು. ಅಳಲಿಲ್ಲ, ನಾನು ಅದನ್ನು ನಿರೀಕ್ಷಿಸಿದ್ದೆ. ಮೇಜಿನ ಮೇಲಿದ್ದ ನನ್ನ ಪೆನ್ನನ್ನು ಕೇಳಿ ತೆಗೆದುಕೊಂಡು ರಾಕೆಟ್ಟಿನ ತಂತಿ ಎಂಬ ಬಾಬ್ತಿನ ಮುಂದಿದ್ದ ಕೂಲಿಯ ಮೊತ್ತವನ್ನು ಹೊಡೆದುಹಾಕಿದಳು. "ಇದನ್ನು ನಾನೇ ಕಟ್ಟಿಕೊಳ್ಳುತ್ತೇನಪ್ಪಾ, ಅಲ್ಲಿ ಯಂತ್ರ ಇದೆ, ಕಲಿತಿದ್ದೇನೆ" ಎಂದಳು. ಆಮೇಲೆ ಸ್ವಲ್ಪ ತಡೆದು, ಎಡಗಡೆ, ಏನೂ ಇಲ್ಲದ ಜಾಗದಲ್ಲಿ ಬರೆದಳು: ಚಿಕ್ಕ ಮಕ್ಕಳ ರಾಕೆಟ್ಟುಗಳಿಗೆ ತಂತಿ ಕಟ್ಟಿದ್ದಕ್ಕೆ, ತಿಂಗಳಿಗೆ 1,500.

ತಂದೆಗೆ ಇದು ಗೊತ್ತಿರಲಿಲ್ಲ. "ಯಾವಾಗಿನಿಂದ?" ಎಂದು ಕೇಳಿದರು. "ಯುಗಾದಿಯಿಂದ" ಎಂದಳು.